ಶೇಕ್ದಾರರ ಕನ್ನಡಕವೂ ನಮ್ಮ ಮನೆಯ ಹಗೇವೂ

ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ನಮ್ಮೂರಿನವರು ಹೇಳುತ್ತಾರೆ. ಹೇಳಿಕೊಳ್ಳಲಿ. ಇಪ್ಪತ್ತೆಂಟು ವರ್ಷ ಪಟೇಲಿಕೆ ಮಾಡಿದವನ ಮೇಲೆ ಊರಿನವರಿಗೆ ಒಂದಲ್ಲ ಒಂದು ಹೊಟ್ಟೆಯುರಿ ಇದ್ದೇ ಇರುತ್ತದೆ. ಆದರೆ ಆ ವರ್ಷದ ಸಂಗತಿಯನ್ನು ಒಬ್ಬೊಬ್ಬರು ಒಂದೊಂದು ರೀತಿ ಬಣ್ಣ ಕಟ್ಟಿ ಹೇಳಿಕೊಂಡು ತಿರುಗುತ್ತಿದ್ದಾರೆ. ಮೊನ್ನೆ ಸಿರಾ ಸಂತೆಯಲ್ಲಿ ಮುಖಪರಿಚಯವಿಲ್ಲದ ಒಬ್ಬ ಮನುಷ್ಯ ನನ್ನ ಕಥೆಯನ್ನು ನನಗೇ ಹೇಳಿ ನಕ್ಕ. ಅದಕ್ಕೇ, ನಡೆದದ್ದನ್ನು ನಡೆದ ಹಾಗೆ ನಾನೇ ಹೇಳಿಬಿಡುವುದು ವಾಸಿ.

ಜರ್ಮನಿಯ ಯುದ್ಧ ಮುಗಿದು ವರ್ಷವಾಗುತ್ತ ಬಂದಿತ್ತು. ಯುದ್ಧ ಮುಗಿದರೂ ಲೆವಿ ಮುಗಿದಿರಲಿಲ್ಲ. ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ತಲೆಯ ಊಟಕ್ಕೆ ಬೇಕಾದ ರಾಗಿ ಇಟ್ಟುಕೊಂಡು, ಮಿಕ್ಕದ್ದನ್ನೆಲ್ಲ ಸರ್ಕಾರಕ್ಕೆ ಅಳೆದುಕೊಡಬೇಕು. ಆ ಲೆಕ್ಕ ಹಾಕಿದ ಮಹಾನುಭಾವನಿಗೆ ಹೆಣ್ಣುಮಕ್ಕಳಿರಲಿಲ್ಲವೆಂದು ತೋರುತ್ತದೆ. ಮದುವೆಯ ಊಟಕ್ಕೆಂದು ಅವನು ಒಂದು ಹಿಡಿಯನ್ನೂ ಬಿಟ್ಟಿರಲಿಲ್ಲ. ನನ್ನ ಮಗಳು ಸರ್ವಮಂಗಳಾಳಿಗೆ ಮಧುಗಿರಿಯ ನಂದೀಶ್ವರಯ್ಯನವರ ಮಗನೊಂದಿಗೆ ಮದುವೆ ಗೊತ್ತಾಗಿತ್ತು. ಫಾಲ್ಗುಣದಲ್ಲಿ ಲಗ್ನ. ಅವರ ಕಡೆಯ ನೆಂಟರು ಕೊರಟಗೆರೆಯಿಂದ, ಪಾವಗಡದಿಂದ ಗಾಡಿಗಟ್ಟಲೆ ಬರುವವರು. ಬಂದವರ ಎಲೆಗೆ ಏನು ಹಾಕುವುದು? ನಾನು ಎಂಟು ಪಲ್ಲ, ಅಂದರೆ ಎಂಟುನೂರು ಸೇರು ರಾಗಿಯನ್ನು ನಮ್ಮ ಮನೆಯ ಹಗೇವಿನಲ್ಲಿ ಇಳಿಸಿ ಬಾಯಿ ಮುಚ್ಚಿದ್ದೆ.

ಹಗೇವು ನೋಡದವರಿಗಾಗಿ ಹೇಳುತ್ತೇನೆ. ಅಂಗಳದಲ್ಲಿ ಬಾವಿಯ ಹಾಗೆ ಆಳವಾಗಿ ಗುಂಡಿ ತೋಡಿ, ಸುತ್ತ ರಾಗಿಹುಲ್ಲು ಹೊದಿಸಿ, ರಾಗಿ ತುಂಬಿ, ಕಿರಿದಾದ ಬಾಯಿಗೆ ಚಪ್ಪಡಿ ಎಳೆದು ಮೇಲೆ ಮಣ್ಣು ಮುಚ್ಚುವುದು. ಹತ್ತು ವರ್ಷವಾದರೂ ಒಂದು ಹುಳು ಬೀಳುವುದಿಲ್ಲ. ಮಣ್ಣಿನ ಮೇಲೆ ಸಗಣಿ ಸಾರಿಸಿ ರಂಗೋಲಿ ಬಿಟ್ಟರೆ, ಅಲ್ಲಿ ಗುಂಡಿ ಇದೆಯೆಂದು ತೋಡಿದವನಿಗೂ ಗೊತ್ತಾಗುವುದಿಲ್ಲ. ನಮ್ಮಜ್ಜನ ಕಾಲದ ಹಗೇವು ಅದು. ಅದನ್ನು ಮುಚ್ಚಿದ ಮರುವಾರವೇ, ಸಂಕ್ರಾಂತಿ ಕಳೆದ ಮೇಲೆ, 'ನಮ್ಮ ಗ್ರಾಮದಲ್ಲಿ ಬಚ್ಚಿಟ್ಟ ಧಾನ್ಯ ಯಾವುದೂ ಇರುವುದಿಲ್ಲ' ಎಂಬ ಕಾಗದಕ್ಕೆ ಪಟೇಲ ಶಂಕರಲಿಂಗಪ್ಪ ಎಂದು ರುಜು ಹಾಕಿ ಸಿರಾಕ್ಕೆ ಕಳಿಸಿದೆ. ರುಜುವಿನ ಮೇಲೆ ಒಂದು ಹನಿ ಶಾಯಿ ಬಿತ್ತು. ಅದು ಲೇಖನಿಯ ತಪ್ಪು.

ಆ ಕಾಗದದ ಮೇಲೆ ನಂಬಿಕೆ ಇಡಬೇಕಾದವರು ನಮ್ಮ ಹೋಬಳಿಯ ಕಂದಾಯ, ಲೆವಿ ನೋಡಿಕೊಳ್ಳುವ ಶೇಕ್ದಾರರು, ನಾಗಲಿಂಗಯ್ಯನವರು. ಪಾಪ, ಒಳ್ಳೆಯ ಮನುಷ್ಯರು. ಆದರೆ ಲಂಚ ಮುಟ್ಟುವವರಲ್ಲ, ಆದ್ದರಿಂದ ಅವರ ಜೊತೆ ಏಗುವುದು ಕಷ್ಟ. ನಮ್ಮ ಪುಣ್ಯಕ್ಕೆ ಅವರ ಕಣ್ಣು ಸರಿಯಿರಲಿಲ್ಲ. ದಿನವಿಡೀ ಸೈಕಲ್ಲಿನ ಮೇಲೆ ಬಿಸಿಲಲ್ಲಿ ಕೆರೆ ಏರಿ, ಗದ್ದೆ ಬದು ಎಂದು ತಿರುಗಿ ಎರಡು ಕಣ್ಣೂ ಕೆಂಡದ ಬಣ್ಣಕ್ಕೆ ತಿರುಗಿದ್ದವು. ಮೂಗಿನ ಕಡೆಯ ಮೂಲೆಯಿಂದ ಒಂದು ಮಾಂಸದ ಪೊರೆ ಗುಡ್ಡೆಯ ಮೇಲೆ ಹರಿದು ಬರುತ್ತಿತ್ತು. ಒಂದು ಕೈಯಲ್ಲಿ ಕರವಸ್ತ್ರ ಹಿಡಿದು ಸದಾ ನೀರು ಒರೆಸಿಕೊಳ್ಳುವರು. ಹಸಿರು ಬೆಳೆ ಯಾವುದು, ಕಳೆ ಯಾವುದು ಎಂಬುದನ್ನೂ ನಮ್ಮನ್ನೇ ಕೇಳಿ ಬರೆದುಕೊಳ್ಳುವರು. ಅವರ ಕಣ್ಣು ಕೆಟ್ಟಿದ್ದಷ್ಟು ದಿನ ನಮ್ಮೂರು ಸುಖವಾಗಿತ್ತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಮಾಘದಲ್ಲಿ ಒಂದು ಬೆಳಗ್ಗೆ ಅವರು ಬಂದಿಳಿದಾಗ ಮೊದಲು ಗುರುತೇ ಸಿಗಲಿಲ್ಲ. ಮುಖದ ಮೇಲೆ ಹೊಗೆ ಬಣ್ಣದ ಎರಡು ದೊಡ್ಡ ಗಾಜು. ಬೆಂಗಳೂರಿನ ಕಣ್ಣಿನ ಡಾಕ್ಟರರು, ಬಿಸಿಲಿನಿಂದ ಕಣ್ಣನ್ನು ಕಾಪಾಡಿಕೊಳ್ಳದಿದ್ದರೆ ಪೊರೆ ಪಾಪೆಯನ್ನೇ ಮುಚ್ಚುತ್ತದೆ ಎಂದು ಹೆದರಿಸಿದ್ದರಂತೆ. ಸಿರಾದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಇಸಾಕ್, ಯುದ್ಧದಲ್ಲಿ ಈಜಿಪ್ಟ್ ಎನ್ನುವ ಮಿಸರ ದೇಶದ ಮರಳುಗಾಡಿನಲ್ಲಿ ಲಾರಿ ಓಡಿಸಿ ಬಂದವನು, ಅಲ್ಲಿಂದ ತಂದ ಕನ್ನಡಕವನ್ನು ಇವರಿಗೆ ಕೊಟ್ಟಿದ್ದನಂತೆ. ತಲೆನೋವು ಹೋಯಿತು, ನೀರು ಸುರಿಯುವುದು ನಿಂತಿತು, ಹದಿನೈದು ದಿನದಲ್ಲಿ ಕೆಂಪು ಇಳಿಯಿತು ಎಂದು ಶೇಕ್ದಾರರು ಹೊಸ ಎತ್ತು ಕೊಂಡ ರೈತನ ಹಾಗೆ ಹಿಗ್ಗಿ ಹೇಳಿದರು. ನಾನು ಬಾಯಲ್ಲಿ ಬಹಳ ಸಂತೋಷ ಸ್ವಾಮಿ ಎಂದೆ. ಮನಸ್ಸಿನಲ್ಲಿ ಆ ಇಸಾಕನಿಗೆ ಶಾಪ ಹಾಕಿದೆ.

ಆದರೂ ಕಣ್ಣು ಸರಿಹೋದರೆ ಹೋಗಲಿ, ಮಣ್ಣಿನ ಕೆಳಗಿನದು ಯಾರ ಕಣ್ಣಿಗೂ ಕಾಣುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಕೆರೆಯವರೆಗೂ ಬರಲಿಲ್ಲ.

ಕೆರೆ ಏರಿಯ ಮೇಲೆ ಹೋಗುವಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ನೀರು ಹೊಳೆದು ಕಣ್ಣು ಕುಕ್ಕುತ್ತಿತ್ತು. ನಾನು, ನೆರೆಮನೆಯ ಅಡವಯ್ಯ, ತಳವಾರ, ಬಟ್ಟೆ ಒಗೆಯುತ್ತಿದ್ದ ಹೆಂಗಸರು, ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರೆ ಶೇಕ್ದಾರರೊಬ್ಬರು ಕಣ್ಣರಳಿಸಿ ನೀರನ್ನು ನೋಡುತ್ತಿದ್ದರು. ತಲೆಯನ್ನು ಎಡಕ್ಕೆ ವಾಲಿಸಿದರು. ಬಲಕ್ಕೆ ವಾಲಿಸಿದರು. ಮತ್ತೆ ನೆಟ್ಟಗೆ ಮಾಡಿ ಒಳಗೊಳಗೇ ನಕ್ಕರು. ಆಮೇಲೆ ಸೋಪಾನದ ಕಡೆ ಬೆರಳು ಮಾಡಿ, "ಅಲ್ಲಿ, ಮುಳುಗಿದ ಮೂರನೇ ಮೆಟ್ಟಿಲ ಪಕ್ಕದಲ್ಲಿ ಯಾರದ್ದೋ ಹಿತ್ತಾಳೆ ಕೊಡ ಬಿದ್ದಿದೆಯಲ್ಲ, ತೆಗೀಬಾರದೆ?" ಎಂದರು.

ನಮಗೆ ಕಂಡದ್ದು ಹೊಳೆಯುವ ನೀರು ಮಾತ್ರ. ತಳವಾರ ಇಳಿದು ಮುಳುಗಿ ಕೈಯಾಡಿಸಿದ. ಮೇಲೆ ಬಂದಾಗ ಕೈಯಲ್ಲಿ ಕೊಡವಿತ್ತು. ನಾಲ್ಕು ದಿನದ ಹಿಂದೆ ನಮ್ಮ ಬೀದಿಯ ನರಸಮ್ಮ ಜಾರಿಸಿಕೊಂಡು, ಅತ್ತೆಯ ಬೈಗುಳಕ್ಕೆ ಹೆದರಿ ಕಳ್ಳರು ಒಯ್ದರು ಎಂದಿದ್ದ ಕೊಡ. ಅಡವಯ್ಯ ನನ್ನ ಕಿವಿಯ ಹತ್ತಿರ ಬಂದು, "ನೀರೊಳಗಿಂದು ಕಾಣ್ತದೆ ಅಂದ್ಮೇಲೆ ಮಣ್ಣೊಳಗಿಂದು ಕಾಣಾಕೆ ಎಷ್ಟೊತ್ತು, ಪಟೇಲ್ರೆ?" ಎಂದ. ಅವನ ಹಿತ್ತಿಲಿನ ಹಗೇವಿನ ವಿಷಯ ನನಗೆ ಗೊತ್ತಿತ್ತು, ನನ್ನದು ಅವನಿಗೆ ಗೊತ್ತಿತ್ತು.

ಅಡವಯ್ಯ ಅಲ್ಲಿಂದ ನೆಟ್ಟಗೆ ಮನೆಗೆ ಹೋಗಿ, ಸಂಜೆಯೊಳಗೆ ತಾನೇ ಹಗೇವು ತೆಗೆದು, ಶೇಕ್ದಾರರ ಮುಂದೆ ಅಡ್ಡಬಿದ್ದ. ಅವರು ಆಶ್ಚರ್ಯಪಟ್ಟು, ತಾನಾಗಿ ಒಪ್ಪಿಕೊಂಡವನೆಂದು ಅರ್ಧ ರಾಗಿ ಅವನಿಗೇ ಬಿಟ್ಟರು. ಅವನ ಹಿಂದೆ ಇನ್ನೂ ಮೂವರು ಬಂದರು. ಈ ಊರಿನವರಿಗೆ ಇಷ್ಟು ಧರ್ಮಬುದ್ಧಿ ಇದೆಯೆಂದು ತಮಗೆ ತಿಳಿದೇ ಇರಲಿಲ್ಲ ಎಂದು ಶೇಕ್ದಾರರು ಊರಿನ ಪಟೇಲನಾದ ನನ್ನನ್ನು ಹೊಗಳಿದರು. ಬೇರೆಯವರ ಹಿತ್ತಿಲ ಗುಟ್ಟು ನಿಮಗೆ ಹೇಗೆ ಗೊತ್ತಾಗಬೇಕು ಎಂದು ನನ್ನ ರುಜುವನ್ನೂ ಮನ್ನಿಸಿದರು. ನಾನು ಹಲ್ಲು ಕಿರಿದೆ.

ಅಂದು ಮಧ್ಯಾಹ್ನ, ಕೆರೆಯಿಂದ ಬಂದ ಮೇಲೆ, ಅವರ ಊಟ ನಮ್ಮ ಮನೆಯಲ್ಲೇ ಆಗಿತ್ತು. ಇದನ್ನು ಮೊದಲೇ ಹೇಳಬೇಕಿತ್ತು. ನನ್ನ ಹೆಂಡತಿ ದಾಕ್ಷಾಯಣಮ್ಮ ಶೇಕ್ದಾರರು ಬರುತ್ತಾರೆಂದು ಅಂಗಳಕ್ಕೆ ನೀರು ಹಾಕಿ ಆಗತಾನೆ ಸಾರಿಸಿದ್ದಳು. ಹಸಿ ನೆಲ ಬಿಸಿಲಿಗೆ ಕನ್ನಡಿಯಾಗಿತ್ತು. ಅವರು ಹೊಸಿಲ ಬಳಿ ಚಪ್ಪಲಿ ಬಿಟ್ಟು, ತಿರುಗಿ, ಸರಿಯಾಗಿ ಹಗೇವಿನ ಬಾಯಿಯಿದ್ದ ಜಾಗವನ್ನು ದಿಟ್ಟಿಸಿದರು. ತಲೆ ಎಡಕ್ಕೆ ವಾಲಿತು. ಬಲಕ್ಕೆ ವಾಲಿತು. ಮತ್ತೆ ನೆಟ್ಟಗಾಯಿತು. ತುಟಿಯ ಮೇಲೆ ಕೆರೆಯ ಏರಿಯಲ್ಲಿ ಕಂಡ ಅದೇ ನಗು. "ಬಹಳ ಚೆನ್ನಾಗಿದೆ ಪಟೇಲರೇ," ಎಂದು ಹೇಳಿ ಕೈಕಾಲು ತೊಳೆಯಲು ಹೋದರು. ಅವರು ನೋಡಿದ ಜಾಗವನ್ನು ನಾನೂ ಬಗ್ಗಿ ನೋಡಿದೆ.

ಊಟಕ್ಕೆ ಕೂರುವಾಗ ಅವರು ಕನ್ನಡಕ ತೆಗೆದು ಗೂಡಿನಲ್ಲಿಟ್ಟರು. ಸಾರು ತರಲು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ ಎಂದು ನಾನು ಒಳಗೆ ಇಣುಕಿದರೆ, ದಾಕ್ಷಾಯಣಮ್ಮ ಸರ್ಕಾರದ ಕನ್ನಡಕ ಏರಿಸಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಾಳೆ! ಕೈಯಲ್ಲಿ ಸಾರಿನ ಸೌಟು. ಕಿತ್ತುಕೊಂಡು ಗೂಡಿನಲ್ಲಿಟ್ಟೆ. ಶೇಕ್ದಾರರು ಹೋದ ಮೇಲೆ ಅವಳು ನಿಧಾನವಾಗಿ ಹೇಳಿದಳು, ಕಣ್ಣಿಗೆ ತಂಪಾಗಿತ್ತಂತೆ, ಬಿಸಿಲಿಗೆ ಹೋದರೆ ಅವಳ ಕಣ್ಣಲ್ಲಿ ಯಾವಾಗಲೂ ಬರುವ ನೀರು ಬರಲಿಲ್ಲವಂತೆ, ತೊಟ್ಟಿಯ ನೀರಿನ ತಳದ ಪಾಚಿ ಕೂಡ ಕಾಣಿಸಿತಂತೆ, ನೆಲ ಮಾತ್ರ ನೆಲವಾಗಿಯೇ ಕಾಣಿಸಿತಂತೆ.

"ಮಣ್ಣೊಳಗೆ ಏನೂ ಕಾಣಾಕಿಲ್ಲ ಕಣ್ರೀ. ಸುಮ್ಕೆ ಕುಂತ್ಕಳಿ," ಎಂದಳು.

ಹೆಂಗಸರಿಗೆ ಯಂತ್ರದ ವಿಷಯ ಏನು ಗೊತ್ತು? ಹಾರ್ಮೋನಿಯಂ ನನ್ನ ಮುಂದಿಟ್ಟರೆ ನಾನು ನುಡಿಸುತ್ತೇನೆಯೇ? ಅದಕ್ಕೆ ಅಭ್ಯಾಸ ಬೇಕು. ತಲೆ ವಾಲಿಸುವ ಕ್ರಮವಿದೆ, ಅದನ್ನು ಅವಳು ಮಾಡಿರಲಿಲ್ಲ. ಹೀಗೆಂದು ನಾನು ಅರ್ಧ ಗಂಟೆ ತಿಳಿಸಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತ ಕೇಳಿ, ಸಿಪ್ಪೆಯನ್ನು ಎಮ್ಮೆಗೆ ಹಾಕಲು ಎದ್ದು ಹೋದಳು. ಅವಳು ಹಾಗೆ ಎದ್ದು ಹೋದಾಗ ನನಗೆ ಮೈಯೆಲ್ಲ ಉರಿಯುತ್ತದೆ.

ಆಮೇಲಿನ ನಾಲ್ಕು ದಿನ ಅನ್ನ ಬಿಟ್ಟು ನಾನು ಪಟ್ಟ ಪಾಡು ಯಾರಿಗೂ ಬೇಡ. ಮೊದಲ ದಿನ ಹಗೇವಿನ ಮೇಲೆ ಒಂದು ಗಾಡಿ ಗೊಬ್ಬರ ಸುರಿಸಿದೆ. ಆಮೇಲೆ, ಬೇರೆಯವರ ಅಂಗಳದಲ್ಲಿಲ್ಲದ ಗೊಬ್ಬರ ನಮ್ಮ ಅಂಗಳದಲ್ಲೇಕೆ ಎಂದು ಅನುಮಾನ ಬರುತ್ತದೆಂದು ತೆಗೆಸಿದೆ. ಎರಡನೆಯ ದಿನ ಎಮ್ಮೆಯನ್ನು ತಂದು ಅದರ ಮೇಲೆ ಕಟ್ಟಿದೆ. ಎಮ್ಮೆಯ ದಪ್ಪವನ್ನು ದಾಟಿ ನೋಡುವುದು ಗಾಜಿಗೆ ಕಷ್ಟವಾಗಬಹುದು ಎಂದುಕೊಂಡೆ. ಎಮ್ಮೆ ಒಂದು ಕಡೆ ನಿಲ್ಲುವ ಪ್ರಾಣಿಯಲ್ಲ. ಅದು ಸರಿದಾಗಲೆಲ್ಲ ನಾನು ಓಡಿಹೋಗಿ ತಳ್ಳಿ ನಿಲ್ಲಿಸುವುದು, ಅದು ಮತ್ತೆ ಸರಿಯುವುದು. ಬೀದಿಯ ಹೆಂಗಸರು ಬಿಂದಿಗೆ ಇಳಿಸಿ ನಿಂತು ನೋಡುತ್ತಿದ್ದರು. ನರಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಎಮ್ಮೆಗೆ ಮೈ ಸರಿಯಿಲ್ಲವೇ ಎಂದು ಕೇಳಿದವಳಿಗೆ ಸರಿಯಿಲ್ಲ ಎಂದೆ.

ನನ್ನ ಹೆಂಡತಿ ಮಾತ್ರ ಆ ನಾಲ್ಕು ದಿನವೂ ಹೊಟ್ಟೆ ತುಂಬ ಉಂಡು, ಹಪ್ಪಳ ಒತ್ತಿ, ಮಗಳ ಕುಪ್ಪಸ ಹೊಲಿಸಿ, ನೆಮ್ಮದಿಯಾಗಿದ್ದಳು. ಮಗಳ ಮದುವೆಯ ರಾಗಿ ಕೈಬಿಟ್ಟು ಹೋಗುವ ಹೊತ್ತಿನಲ್ಲಿ ತಾಯಿಯಾದವಳ ಕಣ್ಣಲ್ಲಿ ಒಂದು ಹನಿ ನೀರು ಬೇಡವೇ? ನಾನು ಕೇಳಿಯೇ ಬಿಟ್ಟೆ. ಅವಳು ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡು ಹಪ್ಪಳ ತಿರುವಿ ಹಾಕಿದಳು.

ಕೊನೆಗೆ ನಾನು ಕೂತು ಯೋಚಿಸಿದೆ. ತಾನಾಗಿ ಒಪ್ಪಿಕೊಂಡ ಅಡವಯ್ಯನಿಗೆ ಅರ್ಧ ಉಳಿಯಿತು. ಶೇಕ್ದಾರರೇ ಬಂದು ಅಗೆಸಿದರೆ ಪೂರಾ ಹೋಗುತ್ತದೆ, ರುಜು ಹಾಕಿದ ಪಟೇಲಿಕೆಯೂ ಹೋಗುತ್ತದೆ. ಅರ್ಧ ರಾಗಿಯಲ್ಲಿ ಹೇಗೋ ಗಂಡಿನ ಕಡೆಯವರ ಮರ್ಯಾದೆ ಉಳಿಸಬಹುದು, ನಮ್ಮವರು ಹಸಿದುಕೊಂಡಿರಲಿ. ಹೀಗೆಂದು ಗಟ್ಟಿ ಮಾಡಿಕೊಂಡು, ಹೆಂಡತಿಗೆ ಮದುವೆಯ ಸಾಮಾನು ತರುತ್ತೇನೆಂದು ಹೇಳಿ, ಬೆಳಗ್ಗೆಯೇ ಗಾಡಿ ಕಟ್ಟಿಸಿ ಸಿರಾಕ್ಕೆ ಹೊರಟೆ.

ಸೋಲುವ ಮುಂಚೆ ಒಂದು ಸಲ ಎದುರಾಳಿಯ ಬಲ ನೋಡಿಬಿಡೋಣವೆಂದು ಮೊದಲು ಇಸಾಕನ ಅಂಗಡಿಗೆ ಹೋದೆ. ಚಕ್ರದ ಕಡ್ಡಿ ಬಿಗಿಯುತ್ತಿದ್ದವನು ಎದ್ದು ಮಣೆ ಹಾಕಿ, ಸೋಡಾ ತರಿಸಿದ. ನಾನು ಸುತ್ತಿ ಬಳಸಿ ಕನ್ನಡಕದ ಮಾತಿಗೆ ಬಂದೆ. ಅವನಿಗೆ ಅದರ ಮಾತೆಂದರೆ ಪ್ರಾಣ. ಬರೀ ಕಪ್ಪು ಗಾಜು ಎಲ್ಲವನ್ನೂ ಒಂದೇ ಸಮ ಕತ್ತಲು ಮಾಡುತ್ತದಂತೆ, ಇದು ಹಾಗಲ್ಲವಂತೆ. ಸಮುದ್ರ, ಕೆರೆ, ಒದ್ದೆ ರಸ್ತೆ, ಇಂಥ ಮಟ್ಟಸ ಜಾಗದ ಮೇಲೆ ಬಿದ್ದ ಬಿಸಿಲು ಮಲಗಿಕೊಂಡು ಹಾರಿ ಬಂದು ಕಣ್ಣಿಗೆ ಹೊಡೆಯುತ್ತದಂತೆ. ಅದನ್ನು ಮಾತ್ರ ಇದು ಹಿಡಿದು ನಿಲ್ಲಿಸುತ್ತದಂತೆ. ಅವನು ಅಂಗಡಿಯ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಪಂಪಿನ ಕೊಳವೆಯನ್ನು ನಿಲುವಾಗಿ ಹಿಡಿದು ಸಲಾಕಿಗಳ ನಡುವೆ ತೂರಿಸಿ ತೋರಿಸಿದ. ಆಮೇಲೆ ಅಡ್ಡ ಹಿಡಿದ. ಹೋಗಲಿಲ್ಲ.

"ಇಷ್ಟೇ ಪಟೇಲ್ ಸಾಬ್, ಗಾಜಿನೊಳಗೆ ಕಣ್ಣಿಗೆ ಕಾಣದಂಥ ಸಲಾಕಿ ಐತೆ ಅಂದ್ಕಳಿ. ಅಡ್ಡ ಬೆಳಕು ಬರಲ್ಲ. ತಲೆ ಓರೆ ಮಾಡಿದ್ರೆ ಸಲಾಕೀನೂ ಓರೆ ಆಗಿ ಅದು ನುಗ್ಗಿಬುಡ್ತದೆ, ಹೊಳಪು ವಾಪಸ್ ಬರ್ತದೆ. ಶೇಕ್ದಾರ್ ಸಾಹೇಬ್ರಿಗೆ ಅದೇ ಒಂದು ಆಟ."

ಅವನು ಅಲ್ಲಿನ ಡ್ರೈವರುಗಳ ಕಥೆಯನ್ನೂ ಹೇಳಿದ. ಕನ್ನಡಕವಿಲ್ಲದೆ ಮರಳಿನ ಬಿಸಿಲಲ್ಲಿ ಓಡಿಸಿದವರಿಗೆ ಸಂಜೆಯ ಹೊತ್ತಿಗೆ ಕಣ್ಣಲ್ಲಿ ಖಾರ ಹಾಕಿದ ಹಾಗಾಗಿ, ರೆಪ್ಪೆ ಬಿಡಿಸಲು ಆಗುತ್ತಿರಲಿಲ್ಲವಂತೆ. ಅವನ ತಾಯಿ ಖಾಜಾಬಿಗೂ ಒಂದು ಜೊತೆ ತಂದಿದ್ದನಂತೆ, ಆಕೆ ಅದನ್ನು ಹಾಕಿಕೊಂಡೇ ಮೆಣಸಿನಕಾಯಿ ಒಣಗಿಸುವುದಂತೆ. ನಾನು ತಲೆಯಾಡಿಸುತ್ತ ಕೇಳಿದೆ. ಒಂದು ಮಾತನ್ನೂ ನಂಬಲಿಲ್ಲ. ದಂಡಿನಲ್ಲಿದ್ದವನು. ದಂಡಿನ ಗುಟ್ಟು ಹೊರಗೆ ಬಿಡಬಾರದೆಂದು ಪ್ರಮಾಣ ಮಾಡಿಸಿಯೇ ಕಳಿಸಿರುತ್ತಾರೆ. ನೆಲದೊಳಗೆ ಹೂತ ಬಾಂಬು ಹುಡುಕಲು ಮಾಡಿದ ಸಾಮಾನೆಂದು ಸಣ್ಣ ಮಗುವಿಗೂ ಹೊಳೆಯುತ್ತದೆ. ಅದಕ್ಕೆ ಕಿಟಕಿ, ಸಲಾಕಿ, ಪಂಪು ಎಂದು ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾನೆ. ಇಷ್ಟು ಚೆನ್ನಾಗಿ ಮುಚ್ಚಿಡುತ್ತಿದ್ದಾನೆಂದರೆ ಒಳಗೆ ದೊಡ್ಡದೇ ಇದೆ ಎಂದು ನನಗೆ ಖಾತ್ರಿಯಾಯಿತು. ಸೋಡಾ ಮುಗಿಸಿ ನೆಟ್ಟಗೆ ಕಚೇರಿಗೆ ನಡೆದೆ.

ಕಚೇರಿಯಲ್ಲಿ ಶೇಕ್ದಾರರ ಜೊತೆ ಗುಮಾಸ್ತನಿದ್ದ, ಬೇರೆ ಊರಿನ ಇಬ್ಬರು ಪಟೇಲರಿದ್ದರು. ಅವರು ಹೋಗುವವರೆಗೆ ಕಾಯಬೇಕೆಂದು ಯಾರಾದರೂ ಹೇಳಬಹುದು. ಆ ಸಂಕಟದಲ್ಲಿ ಕಾಯಲಾಗುವುದಿಲ್ಲ. ಮಗಳ ಮದುವೆ, ಎಂಟು ಪಲ್ಲ, ಅಂಗಳ, ಚಪ್ಪಡಿ, ಗೊಬ್ಬರ, ಎಮ್ಮೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ತಾವು ಅಂದೇ ನೋಡಿ ನಕ್ಕಿರಿ, ನೋಡಿಯೂ ಬಾಯಿ ಬಿಡದ ತಮ್ಮ ದೊಡ್ಡತನಕ್ಕೆ ಶರಣು, ಅರ್ಧವನ್ನಾದರೂ ಬಿಟ್ಟುಕೊಡಿ ಎಂದು ಕೈಮುಗಿದೆ.

ಶೇಕ್ದಾರರು ಕನ್ನಡಕ ತೆಗೆದು ನನ್ನ ಕೈಗಿಟ್ಟರು. ಹಾಕಿಕೊಂಡು ನೆಲ ನೋಡಿ ಎಂದರು. ನೋಡಿದೆ. ಕಚೇರಿಯ ನೆಲ, ಮೇಲೆ ಒಂದು ಇರುವೆ. ತಲೆ ವಾಲಿಸಿ ನೋಡಿ ಎಂದರು. ವಾಲಿಸಿದೆ. ಅದೇ ಇರುವೆ. ಹೊರಗೆ ಕರೆದುಕೊಂಡು ಹೋಗಿ ಕುದುರೆಗಳಿಗೆ ನೀರಿಟ್ಟ ಕಲ್ಲುಬಾನಿ ತೋರಿಸಿದರು. ನೀರಿನ ಮೇಲೆ ಹೊಳೆಯುತ್ತಿದ್ದ ಬಿಸಿಲು ಯಾರೋ ಬಟ್ಟೆಯಲ್ಲಿ ಒರೆಸಿದ ಹಾಗೆ ಮಾಯವಾಗಿ, ತಳದಲ್ಲಿ ಬಿದ್ದಿದ್ದ ಒಂದು ಲಾಳದ ಮೊಳೆ ಕಾಣಿಸಿತು. ತಲೆ ವಾಲಿಸಿದರೆ ಹೊಳಪು ಬಂತು, ಮೊಳೆ ಹೋಯಿತು. ದಾಕ್ಷಾಯಣಮ್ಮ ಹೇಳಿದ್ದೂ ಇಸಾಕ್ ಹೇಳಿದ್ದೂ ಅಕ್ಷರಕ್ಕೆ ಅಕ್ಷರ ನಿಜ. ನನ್ನ ಕಣ್ಣಿಗೆ ಅಷ್ಟು ತಂಪು ಈ ಜನ್ಮದಲ್ಲಿ ಆಗಿರಲಿಲ್ಲ, ಎದೆಗೆ ಅಷ್ಟು ಬೆಂಕಿಯೂ ಬಿದ್ದಿರಲಿಲ್ಲ.

"ನಿಮ್ಮ ಅಂಗಳದ ಒದ್ದೆ ನೆಲದ ಹೊಳಪು ಹೋಗಿ ಬರೋದನ್ನ ನೋಡ್ತಿದ್ದೆ, ಪಟೇಲರೇ," ಎಂದರು ಅವರು. "ನನಗೇನೂ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು. ಇಷ್ಟು ಜನರ ಮುಂದೆ ಹೇಳಿದ್ದೀರಿ. ನಾಳೆ ಬಂದು ತೆಗೆಸಲೇಬೇಕು."

ಮನೆಗೆ ಬಂದು ನಾನು ಯಾರಿಗೂ ಏನೂ ಹೇಳಲಿಲ್ಲ. ಧೈರ್ಯವಿರಲಿಲ್ಲ. ಗಾಡಿ ಹೊಡೆದವನು ಅಷ್ಟು ಹೊತ್ತಿಗೆ ಊರಿಗೆಲ್ಲ ಹೇಳಿದ್ದ.

ಮಾರನೆಯ ದಿನ ಅಂಗಳದ ತುಂಬ ಜನ. ಶೇಕ್ದಾರರು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕುಳಿತರು. ತಳವಾರ ಮಣ್ಣು ಸರಿಸಿ ಚಪ್ಪಡಿ ಎತ್ತಿದ. ಧಾನ್ಯ ತುಂಬಿದ ಹಗೇವಿನೊಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ, ಇಳಿದವನು ಅಲ್ಲೇ ಬಿದ್ದುಹೋಗುತ್ತಾನೆ. ಅದಕ್ಕೆ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡುವುದು ವಾಡಿಕೆ. ದೀಪ ಆರಿದರೆ ಕಾಯಬೇಕು. ತಳವಾರ ದೀಪ ಬಿಟ್ಟ. ಮಗಳ ಮದುವೆಯೇ ಆ ಗುಂಡಿಗೆ ಇಳಿದು ಹೋಗುತ್ತಿದೆಯೆಂದು ನನಗೆ ಅನ್ನಿಸಿತು. ಸರ್ವಮಂಗಳಾ ಬಾಗಿಲ ಸಂದಿಯಲ್ಲಿ ನಿಂತಿದ್ದಳು, ಅವಳ ಕಡೆ ನೋಡಲು ನನ್ನಿಂದ ಆಗಲಿಲ್ಲ. ಬೀದಿಯ ಹೆಂಗಸರೆಲ್ಲ ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಒಬ್ಬಳೂ ಲೊಚಗುಟ್ಟಲಿಲ್ಲ.

ದೀಪ ಆರಲಿಲ್ಲ. ತಳದವರೆಗೂ ಹೋಗಿ ನೆಟ್ಟಗೆ ಉರಿಯಿತು. ತಳವಾರ ಬಗ್ಗಿ ನೋಡಿದ, ನನ್ನ ಮುಖ ನೋಡಿದ, ಮತ್ತೆ ಬಗ್ಗಿದ. "ಬುದ್ಧೀ, ಹುಲ್ಲು ಬುಟ್ರೆ ಒಳಗೆ ಏನೂ ಇಲ್ಲ," ಎಂದ.

ನಾನು ತಳ್ಳಿಕೊಂಡು ಹೋಗಿ ನೋಡಿದೆ. ಹುಲ್ಲು. ಒಂದು ಕಪ್ಪೆ. ಎಂಟು ಪಲ್ಲ ರಾಗಿ ಇರಲಿಲ್ಲ. ಇಲ್ಲೇ ಇತ್ತು ಸ್ವಾಮಿ, ನನ್ನ ಕೈಯಾರೆ ತುಂಬಿಸಿದ್ದೆ, ಆಣೆ ಮಾಡಿ ಹೇಳುತ್ತೇನೆ ಎಂದು ನಾನು ಕೂಗಿದೆ. ಯೋಚಿಸಿ ನೋಡಿ, ಸಿಗದೆ ಹೋದ ರಾಗಿಗಾಗಿ ನನ್ನ ಮೇಲೆ ನಾನೇ ಕೇಸು ಹಾಕಿಕೊಳ್ಳುತ್ತಿದ್ದೆ. ಶೇಕ್ದಾರರು ಇಳಿದು ಬಂದು ಗುಂಡಿ ನೋಡಿದರು. ಆಮೇಲೆ ನನ್ನ ಹಣೆ ಮುಟ್ಟಿ ನೋಡಿದರು. "ಬಿಸಿಲಲ್ಲಿ ಜಾಸ್ತಿ ಓಡಾಡಬೇಡಿ ಪಟೇಲರೇ, ಮದುವೆ ಮನೆ," ಎಂದು ಮೆಲ್ಲಗೆ ಹೇಳಿ ಸೈಕಲ್ ಹತ್ತಿದರು. ಜನ ಚದುರಿದರು. ನರಸಮ್ಮ ಈ ಸಲ ಸೆರಗಿಲ್ಲದೆಯೇ ನಕ್ಕಳು.

ಕಳ್ಳತನವಾಗಿದೆ ಎಂದು ನಾನು ಒಳಗೆ ಹೋಗಿ ತಲೆ ಚಚ್ಚಿಕೊಂಡೆ. ದಾಕ್ಷಾಯಣಮ್ಮ ಬಾಗಿಲು ಮುಂದೆ ಮಾಡಿ ಬಂದು ಕುಳಿತಳು. ರಾಗಿ ಊರಲ್ಲೇ ಇದೆ ಎಂದಳು. ನಾನು ಕಾಗದಕ್ಕೆ ರುಜು ಹಾಕಿ, ಮರುದಿನ ಮಧುಗಿರಿಗೆ ಲಗ್ನಪತ್ರಿಕೆ ಬರೆಸಲು ಹೋಗಿ ಮೂರು ದಿನ ಉಳಿದಿದ್ದೆನಲ್ಲ, ಆಗಲೇ ಹಗೇವು ತೆಗೆಸಿ, ನಲವತ್ತು ಮನೆಗೆ ತಲಾ ಇಪ್ಪತ್ತು ಸೇರಿನಂತೆ ಹಂಚಿ, ಮೊದಲಿನಂತೆ ಮುಚ್ಚಿ ಸಾರಿಸಿದ್ದಳು. ಯಾರ ಮನೆಯಲ್ಲೂ ಲೆವಿಯ ಮಿತಿ ದಾಟುವುದಿಲ್ಲ. ಮದುವೆಯ ದಿನ ಮುಯ್ಯಿ ಮಾಡುವಾಗ ಅವರವರು ಮೊರದಲ್ಲಿ ತಂದು ಹೊಯ್ಯುತ್ತಾರೆ. ಮದುವೆಗೆ ಮುಯ್ಯಿ ತರಬೇಡಿ ಎಂದು ಯಾವ ಸರ್ಕಾರ ಹೇಳುತ್ತದೆ?

ಲೆಕ್ಕ ಹಾಕಿದೆ. ಶೇಕ್ದಾರರ ಕೈಗೆ ಕನ್ನಡಕ ಬರುವ ಮೊದಲೇ ಹಗೇವು ಬರಿದಾಗಿತ್ತು. ಗೊಬ್ಬರ ಸುರಿದದ್ದು ಬರೀ ಗುಂಡಿಯ ಮೇಲೆ. ಎಮ್ಮೆಯನ್ನು ತಳ್ಳಿ ತಳ್ಳಿ ನಿಲ್ಲಿಸಿದ್ದು ಬರೀ ಗುಂಡಿಯ ಮೇಲೆ. ನಲವತ್ತು ಮನೆಯ ಹೆಂಗಸರಿಗೂ ಗೊತ್ತಿತ್ತು. ಅಡವಯ್ಯನ ಹೆಂಡತಿಗೂ ಗೊತ್ತಿತ್ತು.

"ಆವಾಗ ಕನ್ನಡಕಾನೇ ಇರಲಿಲ್ಲವಲ್ಲೇ," ಎಂದೆ. "ಯಾರಿಗೆ ಹೆದರಿ ತೆಗೆಸಿದೆ?"

"ನಿಮ್ಮ ಬಾಯಿಗೆ," ಎಂದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. "ನಾಕು ದಿನ ನೀವು ಅನ್ನ ಬುಟ್ಟಾಗ ಹೇಳ್ಬುಡಾನ ಅಂತ ಎಷ್ಟು ಸಲ ಬಂತು. ಹೇಳಿದ್ರೆ ಅದನ್ನೂ ಹೋಗಿ ಅವರಿಗೇ ಹೇಳ್ತಿದ್ರಿ. ನಂಗೆ ಮಗಳ ಮದುವೆ ಆಗ್ಬೇಕಿತ್ತು ಕಣ್ರೀ."

ಬೈದಿದ್ದರೆ ಚೆನ್ನಾಗಿತ್ತು. ತಿರುಗಿ ನಾನೂ ಬೈಯುತ್ತಿದ್ದೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು, ನನ್ನ ಹಸಿವನ್ನು ನೋಡಿಕೊಂಡೂ ನನಗೆ ಹೇಳಲಾರದೆ ಇದ್ದಳು. ನನಗೆ ಬಹಳ ಅವಮಾನವಾಯಿತು. ರಾಗಿ ಉಳಿಯಿತೆಂದು ಸಂತೋಷವೂ ಆ ಅವಮಾನದ ಜೊತೆಗೇ ಆಯಿತು, ಯಾವುದಕ್ಕೆ ಅತ್ತೆನೋ ಗೊತ್ತಿಲ್ಲ.

ಮದುವೆಯ ದಿನ ಶೇಕ್ದಾರರೂ ಬಂದಿದ್ದರು. ಕರೆಯದಿರಲು ಆಗುವುದಿಲ್ಲವಲ್ಲ. ಚಪ್ಪರದ ಮುಂಭಾಗದಲ್ಲಿ ಅವರಿಗೆ ಜಮಖಾನೆ. ಧಾರೆಯಾಗಿ ಮುಯ್ಯಿಯ ಹೊತ್ತು ಬಂತು. ನಮ್ಮೂರಿನಲ್ಲಿ ಯಾರ ಮನೆಯ ಮುಯ್ಯಿ ಏನು ಎಂದು ಗಟ್ಟಿಯಾಗಿ ಕೂಗಿ ಹೇಳುವುದು ಪಟೇಲನ ಕೆಲಸ. ಇಪ್ಪತ್ತೆಂಟು ವರ್ಷ ಅದನ್ನು ನಾನೇ ಮಾಡಿದ್ದೇನೆ. ಮೊದಲ ಮೊರ ನರಸಮ್ಮನದು. ಆಮೇಲೆ ಅಡವಯ್ಯನ ಮನೆಯದು. ಆಮೇಲೆ ಮೊರದ ಹಿಂದೆ ಮೊರ, ಬುಟ್ಟಿಯ ಹಿಂದೆ ಬುಟ್ಟಿ, ಎಲ್ಲವೂ ರಾಗಿಯೇ. ಒಂದು ಮನೆಯವರೂ ಬೆಲ್ಲ ತರಲಿಲ್ಲ, ಬೇಳೆ ತರಲಿಲ್ಲ. ರಾಶಿ ಮೊಣಕಾಲು ದಾಟಿ ಸೊಂಟಕ್ಕೆ ಬಂತು. ಒಲೆಯ ಹತ್ತಿರ ಆಗಲೇ ಹಿಟ್ಟಿನ ಎಸರು ಕುದಿಯುತ್ತಿತ್ತು. ಪಾವಗಡದ ನೆಂಟರು ಕೈ ತೊಳೆದುಕೊಂಡು ಕಾಯುತ್ತಿದ್ದರು.

ಶೇಕ್ದಾರರು ಮೆಲ್ಲಗೆ ಕನ್ನಡಕ ತೆಗೆದರು. ಅವರ ಕಣ್ಣು ಚೆನ್ನಾಗಿ ವಾಸಿಯಾಗಿತ್ತು, ಬೆಳ್ಳಗೆ, ಚುರುಕಾಗಿ. ರಾಶಿಯನ್ನು ನೋಡಿದರು. ಅಂಗಳದ ಆ ಜಾಗವನ್ನು ನೋಡಿದರು. ಸಾಲಿನಲ್ಲಿ ನಿಂತ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿ, ಕೊನೆಗೆ ನನ್ನನ್ನು ನೋಡಿದರು.

"ಸುಮಾರು ಎಂಟು ಪಲ್ಲ ಆಗಬಹುದಲ್ಲವೇ, ಪಟೇಲರೇ? ಇದರ ವಿಷಯ ನೀವೇನಾದರೂ ಹೇಳೋದು ಉಂಟೋ?"

ಮೊರಗಳು ನಿಂತವು. ಓಲಗದವನೂ ಯಾಕೋ ನಿಲ್ಲಿಸಿದ. ನಲವತ್ತು ಮನೆಯ ಹೆಂಗಸರೂ ನನ್ನ ಬಾಯನ್ನೇ ನೋಡುತ್ತಿದ್ದರು. ದಾಕ್ಷಾಯಣಮ್ಮ ನೋಡಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಹೇಳಲು ನನ್ನ ಹತ್ತಿರ ಎಷ್ಟೊಂದು ಇತ್ತು, ದೇವರಾಣೆಗೂ ಎಲ್ಲ ನಾಲಗೆಯ ತುದಿಯಲ್ಲೇ ಇತ್ತು. ಅವಳ ಉಪಾಯದ ಜಾಣತನವನ್ನು ಆ ಸಭೆಗೆ ವಿವರಿಸಿ ಹೇಳಿದ್ದರೆ ಎಂಥ ಹೆಸರು ಬರುತ್ತಿತ್ತು ಅವಳಿಗೆ.

"ಮುಯ್ಯಿ, ಸ್ವಾಮಿ," ಎಂದೆ. ಅಷ್ಟೇ ಹೇಳಿದೆ.

ಅವರು ಇನ್ನೂ ಸ್ವಲ್ಪ ಹೊತ್ತು ಕಾದರು. ನಾನು ಹಲ್ಲು ಕಚ್ಚಿಕೊಂಡು ನಿಂತೆ, ದವಡೆ ನೋಯುವಷ್ಟು. ಆಮೇಲೆ ಅವರು ಕನ್ನಡಕ ಏರಿಸಿಕೊಂಡು, ಹಾಗಾದರೆ ಎಲೆ ಹಾಕಿಸಿ ಎಂದರು. ಓಲಗ ಮತ್ತೆ ಶುರುವಾಯಿತು.

ಸಂಜೆ ಎಲ್ಲರ ಊಟವೂ ಆದ ಮೇಲೆ ದಾಕ್ಷಾಯಣಮ್ಮ ನನಗೆ ಬಡಿಸಲು ಬಂದಳು. ಮುದ್ದೆ ಹಾಕಿ, ಸಾರು ಬಿಟ್ಟು, ಎದುರಿಗೇ ಕುಳಿತಳು. ಅಡಿಗೆಮನೆಯ ಗೂಡಿನ ಹಿಂದೆ ಅವಳು ಮುನ್ನೂರು ರೂಪಾಯಿ ಕೂಡಿಟ್ಟಿದ್ದಾಳೆಂದು ಆಗ ನನಗೆ ಹೇಳಿದಳು. ಈ ಮಾತನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.